ಕೈ ಕಟ್ಟಿ ಕೂರುವ ಕೆಲಸ

ಮಾರ್ಚ್ 3, ಸೋಮವಾರ

ಬಿ.ಪಿ. ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದೇ ನೆನಪಿರುವುದಿಲ್ಲ. ನಿನ್ನೆ ಬೆಳಿಗ್ಗೆಯದನ್ನೇ ಎರಡು ಸಲ ನುಂಗಿದೆನಂತೆ. ಮೊಮ್ಮಗಳು ಈ ನೋಟ್‌ಬುಕ್ ಕೈಗಿಟ್ಟು, "ನುಂಗಿದ ತಕ್ಷಣ ಬರಿ ಅಜ್ಜಿ" ಅಂದಳು. ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ ಕೊನೆಗೂ ಒಂದು ಕೆಲಸಕ್ಕೆ ಬಂತು.

ಬೆಳಿಗ್ಗೆ ನುಂಗಿದೆ. ಸಂಜೆ ನುಂಗಿದೆ.

ಪುಟ ತುಂಬ ಉಳಿದಿದೆ, ದಂಡವಾಗುವುದು ಬೇಡವೆಂದು ಇನ್ನೆರಡು ಸಾಲು. ಮಗಳು, ಇವಳ ಅಮ್ಮ, ಕಾಯಿಲೆಯಿಂದ ತೀರಿಹೋಗಿ ಐದು ತಿಂಗಳಾಯಿತು. ಅವಳ ಮಂಚ ಹಾಲಿನ ಕಿಟಕಿಯ ಪಕ್ಕ ಇತ್ತು. ಈಗ ಅಲ್ಲಿ ಮೊಮ್ಮಗಳ ಮೇಜು. ಮಂಚದ ಕಾಲಿನ ನಾಲ್ಕು ಗುರುತು ನೆಲದ ಮೇಲೆ ಹಾಗೇ ಉಳಿದಿವೆ. ಒರೆಸಿದರೆ ಹೋಗುವುದಿಲ್ಲ. ಒರೆಸುವುದನ್ನು ಬಿಟ್ಟೆ.

ಬಂದವರೆಲ್ಲ "ಅತ್ತುಬಿಡಿ, ಹಗುರಾಗುತ್ತೆ" ಅನ್ನುತ್ತಾರೆ. ಅಳುವೇನು ನಲ್ಲಿಯೇ, ತಿರುಗಿಸಿದರೆ ಬರುವುದಕ್ಕೆ? ನಲ್ಲಿಯಲ್ಲೂ ದಿನಾ ಬರುವುದಿಲ್ಲ.

ಮಾರ್ಚ್ 4, ಮಂಗಳವಾರ

ಎರಡೂ ನುಂಗಿದೆ.

ಮಾರ್ಚ್ 8, ಶನಿವಾರ

ಮನೆಗೆ ಮೂವರು ಬಂದರು. ಯೂನಿವರ್ಸಿಟಿಯಲ್ಲಿ ಕೊನೇ ವರ್ಷ ಓದುವವರು. ಇನ್ನು ಪ್ರತಿ ಶನಿವಾರ ಬರುತ್ತಾರಂತೆ. ಮೊಮ್ಮಗಳು ಕೆಲಸ ಮಾಡುವುದು ಚಿತ್ರ ಬಿಡಿಸುವ ಸಾಫ್ಟ್‌ವೇರ್ ಕಂಪನಿಯಲ್ಲಿ. ಜನ ಅದರಲ್ಲಿ ಆಮಂತ್ರಣ, ಬೋರ್ಡು, ಚೀಟಿ, ಪುಸ್ತಕದ ಮುಖಪುಟ ಎಲ್ಲ ಮಾಡಿಕೊಳ್ಳುತ್ತಾರೆ. ಅಂಥದೇ ಬೇರೆ ಕಂಪನಿಗಳಲ್ಲಿ ಈ ಮಕ್ಕಳಿಗೆ ಪ್ರಾಡಕ್ಟ್ ಮ್ಯಾನೇಜರ್ ಕೆಲಸ ಬೇಕು. ಇವಳು ಇಂಟರ್ವ್ಯೂಗೆ ತಯಾರು ಮಾಡಿಸುತ್ತಾಳೆ.

"ಹಾಗಂದ್ರೆ ಏನು ಕೆಲಸವೇ ಅದು?" ಅಂದೆ.

"ಇಂಜಿನಿಯರ್ ಕಟ್ತಾನೆ, ಡಿಸೈನರ್ ಚಂದ ಮಾಡ್ತಾಳೆ. ಯಾರಿಗೋಸ್ಕರ ಏನು ಕಟ್ಬೇಕು, ಯಾಕೆ ಕಟ್ಬೇಕು ಅಂತ ಹೇಳೋರು ಪ್ರಾಡಕ್ಟ್ ಮ್ಯಾನೇಜರ್."

"ಅತ್ತೆ ಅನ್ನು. ಒಲೆ ಹತ್ರ ಸುಳಿಯಲ್ಲ, ಆದ್ರೆ ಒಲೆ ಮೇಲೆ ಏನಿರ್ಬೇಕು ಅಂತ ಅವಳೇ ಹೇಳ್ತಾಳೆ."

ಮೂವರೂ ನಕ್ಕರು. ನಾನು ನಗಿಸಲು ಹೇಳಿದ್ದಲ್ಲ. ಬಾಯಿ ಹಳೇ ರೂಢಿಯಲ್ಲಿ ಆಡುತ್ತದೆ, ಒಳಗೆ ಯಾರೂ ಇರುವುದಿಲ್ಲ.

ಮೂವರಿಗೂ ಹೆಸರಿಟ್ಟೆ. ಸದಾ ಭಾಷಣ ಬಿಗಿಯುವ ಹುಡುಗ ಪ್ರೊಫೆಸರ್. ಬಂದಾಗಿನಿಂದ ಹೋಗುವವರೆಗೆ ಆಕಳಿಸುವವನು ಕುಂಭಕರ್ಣ. ಚಪ್ಪಲಿ ಬಿಡುವ ಮೊದಲೇ ನನ್ನ ಕೈಯಿಂದ ನೀರಿನ ತಂಬಿಗೆ ಕಿತ್ತುಕೊಂಡು, "ಕೊಡಿ ಅಜ್ಜಿ, ನಾನು ತರ್ತೀನಿ" ಅಂದ ಹುಡುಗಿ ಗಡಿಬಿಡಿ. ತಂಬಿಗೆ ಎಲ್ಲಿಗೆ ಒಯ್ಯಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲ. ಹಿಡಿದುಕೊಂಡು ಹಾಲಿನ ನಡುವೆ ನಿಂತಳು.

ಮಾತ್ರೆ ಎರಡೂ.

ಮಾರ್ಚ್ 15, ಶನಿವಾರ

ಇವರಿಗೆ ಕಂಪ್ಯೂಟರ್ ಮುಟ್ಟದ ಮನುಷ್ಯ ಬೇಕಂತೆ. ಅಂಥವರು ಈಗ ಸಿಗುವುದು ಕಷ್ಟ. ಮನೆಯಲ್ಲೇ ಒಬ್ಬಳು ಇದ್ದೇನಲ್ಲ.

ಆಟದ ನಿಯಮ ಇಷ್ಟೇ. ನಾನು ಲ್ಯಾಪ್‌ಟಾಪಿನ ಮುಂದೆ ಕೂತು ನಮ್ಮ ಮನೆ ಬಾಗಿಲಿಗೆ ಒಂದು ಹೆಸರಿನ ಬೋರ್ಡು ಮಾಡಬೇಕು. ಮಾಡುತ್ತ ಮನಸ್ಸಿಗೆ ಬಂದದ್ದನ್ನೆಲ್ಲ ಜೋರಾಗಿ ಹೇಳಬೇಕು. ಪಕ್ಕದಲ್ಲಿ ಕೂತವರು ಕಲಿಸುವ ಹಾಗಿಲ್ಲ, ತೋರಿಸುವ ಹಾಗಿಲ್ಲ, ಸರಿ ತಪ್ಪು ಅನ್ನುವ ಹಾಗಿಲ್ಲ. ನಾನು ಎಲ್ಲಿ ಮುಗ್ಗರಿಸುತ್ತೇನೆ ಎಂದು ನೋಡಿ ಬರೆದುಕೊಳ್ಳಬೇಕು. ಕಂಪನಿಯವರು ಕೊನೇ ಇಂಟರ್ವ್ಯೂನಲ್ಲಿ ಇದನ್ನೇ ಮಾಡಿಸುತ್ತಾರಂತೆ. ಗುರುತಿಲ್ಲದ ಯಾರನ್ನೋ ತಂದು ಕೂರಿಸಿ, ಇವರ ತಾಳ್ಮೆ ನೋಡುತ್ತಾರಂತೆ.

ಮೊದಲು ಪ್ರೊಫೆಸರ್ ಕೂತ.

"ಮನಸ್ಸಿಗೆ ಬಂದಿದ್ದೆಲ್ಲ ಹೇಳಿ ಅಜ್ಜಿ."

"ಎಲ್ಲಾನೂ?"

"ಎಲ್ಲಾನೂ."

"ನಿನ್ನ ಕಾಲುಚೀಲ ವಾಸನೆ ಹೊಡೀತಿದೆ."

ಅದನ್ನೂ ಬರೆದುಕೊಂಡ. ಹುಡುಗ ಕೆಟ್ಟವನಲ್ಲ.

ಬೋರ್ಡು ಆಗಲಿಲ್ಲ. ಅಕ್ಷರ ಒಂದು ಕಡೆ, ಚೌಕಟ್ಟು ಒಂದು ಕಡೆ. ಒಂದು ಗುಂಡಿ ಒತ್ತಿದರೆ ಎಲ್ಲವೂ ಮಾಯ. "ಹೋಯ್ತು" ಅಂದೆ. "ಹೋದಾಗ ಏನನ್ನಿಸ್ತು ಅಜ್ಜಿ?" ಅಂದ. "ಏನೂ ಅನ್ನಿಸ್ಲಿಲ್ಲ" ಅಂದೆ. ಅದೇ ನಿಜ. ಈಚೆಗೆ ಏನು ಹೋದರೂ ಏನೂ ಅನ್ನಿಸುವುದಿಲ್ಲ.

ಮಾರ್ಚ್ 19, ಬುಧವಾರ

ಮಾತ್ರೆ ನುಂಗಿದೆ. ಊಟ ಮಾಡಿದೆ. ಏನು ಊಟ ಎಂದು ಕೇಳಿದರೆ ಹೇಳಲಾರೆ.

ಮಾರ್ಚ್ 22, ಶನಿವಾರ

ಗಡಿಬಿಡಿಯ ಸರದಿ. ಮೊದಲ ಅಕ್ಷರ ಹುಡುಕುತ್ತ ನನ್ನ ಬೆರಳು ಇನ್ನೂ ಗಾಳಿಯಲ್ಲೇ ಇತ್ತು. ಅವಳ ಕೈ ಬಂದು ಒತ್ತಿಬಿಟ್ಟಿತು.

"ಕೈ!" ಅಂತ ಮೊಮ್ಮಗಳು ಕೂಗಿದಳು.

"ಸಾರಿ ಅಕ್ಕ."

ಎರಡು ನಿಮಿಷ ಆಗಲಿಲ್ಲ, ಮೌಸ್ ನನ್ನ ಕೈಯಿಂದ ಅವಳ ಕೈಗೆ ಹೋಗಿತ್ತು. ಯಾವಾಗ ಹೋಯಿತೆಂದು ನನಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಜೇಬುಗಳ್ಳಿಯಾಗಿದ್ದರೆ ಎಲ್ಲೋ ಇರುತ್ತಿದ್ದಳು. ಐದು ಸಲ ಕೂರಿಸಿದರು. ಐದೂ ಸಲ ಬೋರ್ಡು ಅವಳೇ ಮಾಡಿ ಮುಗಿಸಿದಳು. ಬೋರ್ಡೇನೋ ಚಂದ ಇತ್ತು.

ಹುಡುಗರು ಹೋದ ಮೇಲೆ ಅವಳು ಅಡಿಗೆಮನೆಗೆ ಬಂದು ಕಪ್ಪು ತೊಳೆಯತೊಡಗಿದಳು. ಯಾರೂ ಹೇಳಿರಲಿಲ್ಲ.

"ಅಪ್ಪನದು ಔಷಧಿ ಅಂಗಡಿ ಅಜ್ಜಿ. ಎಂಟು ವರ್ಷದವಳಿದ್ದಾಗಿಂದ ಕೌಂಟರಿನಲ್ಲಿ ನಿಂತಿದ್ದೀನಿ. ಗಿರಾಕಿ ಕೆಮ್ಮೋ ಸದ್ದಿಗೇ ಬಾಟ್ಲಿ ತೆಗೆದಿಡ್ತೀನಿ. ಬಾಯಿ ತೆಗೆಯೋಕೆ ಬಿಡಲ್ಲ. ಅಪ್ಪನಿಗೆ ಅದೇ ಹೆಮ್ಮೆ."

"ಹಾಗಿದ್ರೆ ಅಲ್ಲೇ ಇರು. ಇಲ್ಯಾಕೆ ಒದ್ದಾಡ್ತೀಯ?"

"ಅಲ್ಲಿ ಎಲ್ಲಾ ಡಬ್ಬಿಯಲ್ಲಿ ಆಗಲೇ ಇದೆ, ಅಜ್ಜಿ. ಎತ್ತಿ ಕೊಡೋದಷ್ಟೇ. ಇಲ್ಲದೇ ಇರೋದನ್ನ ಯೋಚ್ನೆ ಮಾಡೋ ಕೆಲಸ ಬೇಕು ನನಗೆ." ಆಮೇಲೆ ಮೆಲ್ಲಗೆ ಅಂದಳು, "ಎರಡು ಕಂಪನೀಲಿ ಆಗಲೇ ಬೇಡ ಅಂದ್ರು. ಎರಡನೇದ್ರಲ್ಲಿ ಮೌಸ್ ಕಿತ್ಕೊಂಡಿದ್ದಕ್ಕೇ. ಏಪ್ರಿಲ್ ಹದಿನೈದಕ್ಕೆ ಮೂರನೇದು. ಪರೀಕ್ಷೆ ಮುಗಿದ್ರೆ ಯೂನಿವರ್ಸಿಟಿಯಿಂದ ಇನ್ಯಾರೂ ಕರೆಯಲ್ಲ. ಅಪ್ಪ ಅಂಗಡೀಲಿ ಎರಡನೇ ಕುರ್ಚಿ ತಂದಿಟ್ಟಾಗಿದೆ."

ಹೊರಡುವಾಗ ನನ್ನ ಚಪ್ಪಲಿಯನ್ನೂ ಸರಿಯಾಗಿ ಜೋಡಿಸಿಟ್ಟು ಹೋದಳು. ನಾನು ಎಲ್ಲಿಗೂ ಹೋಗುವುದಿಲ್ಲ. ಆದರೂ ಜೋಡಿಸಿದಳು.

ಮಾರ್ಚ್ 26, ಬುಧವಾರ

ಮೊಮ್ಮಗಳು ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜಿನ ಗುಂಯ್ ಸದ್ದು. ಅಭ್ಯಾಸದ ಹಳೇ ಲ್ಯಾಪ್‌ಟಾಪ್ ಮೇಜಿನ ಮೇಲೇ ಇರುತ್ತದೆ. ಊಟವಾದ ಮೇಲೆ ಅದರ ಮುಂದೆ ಕೂತೆ. ಸುಮ್ಮನೆ ಕೂತದ್ದಲ್ಲ. ಯೋಚನೆ ಮಾಡಿದೆ. ನಾನು ಒದ್ದಾಡುವುದರಿಂದಲ್ಲವೇ ಆ ಹುಡುಗಿಯ ಕೈ ಬರುವುದು? ನಾನು ಒದ್ದಾಡದಿದ್ದರೆ ಅವಳ ಕೈ ಅವಳ ಮಡಿಲಲ್ಲೇ ಇರುತ್ತದೆ. ಮೊಮ್ಮಗಳಿಗೂ ಸಮಾಧಾನ, ಅವಳಿಗೂ ಧೈರ್ಯ. ರೋಗದ ಬೇರು ನಾನೇ ಆಗಿರುವಾಗ ಅವಳಿಗೆ ಔಷಧಿ ಯಾಕೆ?

ಎರಡು ಗಂಟೆ ಹಿಡಿಯಿತು. ಅಕ್ಷರ ದೊಡ್ಡದು ಮಾಡುವುದು ಬಲಗಡೆ ಮೇಲಿನ ಮೂಲೆಯಲ್ಲಿ. ಬಣ್ಣ ಅದರ ಕೆಳಗೆ. ಅಳಿಸಿದ್ದನ್ನು ವಾಪಸ್ ತರಲು ಹಿಂದಕ್ಕೆ ತಿರುಗಿದ ಒಂದು ಬಾಣವಿದೆ. ಅದನ್ನು ಒತ್ತಿದರೆ ಹೋದದ್ದೆಲ್ಲ ಬರುತ್ತದೆ. ಬೋರ್ಡಿನದು ಮಾತ್ರ.

ಏಪ್ರಿಲ್ 2, ಬುಧವಾರ

ಇವತ್ತೂ ಕೂತೆ. ನಿನ್ನೆಯೂ. ಈಗ ಒಂದು ಬೋರ್ಡಿಗೆ ಹತ್ತು ನಿಮಿಷ ಸಾಕು. ಮೊಮ್ಮಗಳು ಮಾಡಿಟ್ಟು ಹೋದ ಪಲ್ಯದಲ್ಲಿ ಉಪ್ಪು ಜಾಸ್ತಿ. ಬಂದ ತಕ್ಷಣ ಹೇಳಿದೆ, "ಕಂಪನಿ ಉಪ್ಪು ಅಂತ ಸುರೀತೀಯಾ?" ಅವಳು ನನ್ನ ಮುಖವನ್ನೇ ನೋಡಿದಳು. ಬೈದರೆ ನೋಡುವುದೇನಿದೆ ಮುಖದಲ್ಲಿ?

ಏಪ್ರಿಲ್ 5, ಶನಿವಾರ

ನಾನು ಎಂಟು ನಿಮಿಷದಲ್ಲಿ ಬೋರ್ಡು ಮುಗಿಸಿದೆ. ಅನುಮಾನ ಬಾರದಿರಲೆಂದು ಎರಡು ಸಲ ಬೇಕೆಂದೇ ತಪ್ಪು ಗುಂಡಿ ಒತ್ತಿ, "ಅಯ್ಯೋ ಶಿವನೇ" ಅಂದೆ. ಗಡಿಬಿಡಿಯ ಕೈ ಒಮ್ಮೆ ಮಿಸುಕಿ ಮಡಿಲಿಗೆ ಮರಳಿತು. ಅಲ್ಲೇ ಉಳಿಯಿತು.

"ಅಕ್ಕಾ! ಮುಟ್ಟಲಿಲ್ಲ! ನೋಡಿದ್ರಾ? ಮುಟ್ಟಲೇ ಇಲ್ಲ!"

ಕುಂಭಕರ್ಣ ಎಚ್ಚರವಾಗಿ ಚಪ್ಪಾಳೆ ತಟ್ಟಿದ. ಹುಡುಗಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ಅವಳ ಮೈಯಿಂದ ಔಷಧಿ ಅಂಗಡಿಯ ವಾಸನೆ. ನನಗೆ ಅದು ತುಂಬ ಪರಿಚಯ. ಹಾಗೇ ನಿಂತಿದ್ದೆ.

ಮೊಮ್ಮಗಳು ಮಾತ್ರ ಪರದೆಯನ್ನೇ ನೋಡುತ್ತಿದ್ದಳು.

ಏಪ್ರಿಲ್ 10, ಗುರುವಾರ

ಸಿಕ್ಕಿಬಿದ್ದೆ.

ಆ ಹಾಳು ಯಂತ್ರ ಮಾಡಿದ್ದನ್ನೆಲ್ಲ ತಾರೀಖು, ಹೊತ್ತು ಹಾಕಿ ಕೂಡಿಟ್ಟುಕೊಂಡಿರುತ್ತದಂತೆ. ಇದ್ದ ಮನೆಗೇ ಎರಡು ಬಗೆಯುವ ಬುದ್ಧಿ. ಮೊಮ್ಮಗಳು ಬೇಗ ಬಂದು, ಬ್ಯಾಗೂ ಇಳಿಸದೆ ಪರದೆ ನನ್ನತ್ತ ತಿರುಗಿಸಿದಳು. ಮೂವತ್ತೊಂದು ಬೋರ್ಡು. ಎಲ್ಲವೂ ಮಧ್ಯಾಹ್ನದವು.

"ಇದೇನಜ್ಜಿ?"

"ಹೊತ್ತು ಹೋಗ್ಲಿಲ್ಲ."

"ಸುಳ್ಳು ಹೇಳ್ಬೇಡ. ಅವಳು ಪಾಸಾಗ್ಲಿ ಅಂತ ನೀನು ಕಲಿತೆ. ಅಲ್ವಾ?"

"ಕಲಿತ್ರೆ ತಪ್ಪಾ? ಯೂನಿವರ್ಸಿಟಿಯವರು ಮಾತ್ರ ಕಲೀಬೇಕಾ?"

"ಕಲಿ, ಬೇಕಾದಷ್ಟು ಕಲಿ! ಆದ್ರೆ ನನಗೆ ಹೇಳ್ಬೇಕಿತ್ತು. ಅವಳು ತಾಳ್ಮೆ ಕಲಿತಿಲ್ಲ ಅಜ್ಜಿ. ಒದ್ದಾಡೋರೇ ಇಲ್ದಿದ್ರೆ ಸುಮ್ನೆ ಕೂರೋದು ಯಾರಿಗೆ ಕಷ್ಟ? ಐದು ದಿನ ಇದೆ. ಅಲ್ಲಿ ಯಾರೋ ನಿಜವಾಗ್ಲೂ ಒದ್ದಾಡ್ತಾರೆ, ಇವಳು ಕೈ ಹಾಕ್ತಾಳೆ, ಅಲ್ಲಿಗೆ ಮುಗೀತು. ಒಳ್ಳೇದು ಮಾಡ್ತೀನಿ ಅಂತ ಅವಳ ಕಾಲು ಮುರಿದೆ ನೀನು."

ನಾನು ಏನೋ ಒಂದು ಗಾದೆ ಹುಡುಕುತ್ತಿದ್ದೆ. ಸಿಗುವುದರೊಳಗೆ ಅವಳು ಅಂದಳು:

"ಅಮ್ಮನಿಗೂ ಇದೇ ಮಾಡಿದೆ. ಡಾಕ್ಟರ್ ಅವಳನ್ನ ಕೇಳಿದ್ರೆ ಉತ್ತರ ನಿನ್ನದು. ಅವಳು ಬಾಯಿ ತೆಗೆದ್ರೆ 'ನೀನು ಸುಮ್ನಿರು, ಸುಸ್ತಾಗುತ್ತೆ'. ಕೊನೇ ಎರಡು ತಿಂಗಳು ಒಂದು ಚಮಚ ಕೂಡ ಅವಳ ಕೈಗೆ ಕೊಡ್ಲಿಲ್ಲ."

ಅವಳು ಬೋರ್ಡುಗಳನ್ನು ಒಂದೊಂದಾಗಿ ನೋಡಿದಳು. ಅವುಗಳಲ್ಲಿ ಇಪ್ಪತ್ತು ಬೋರ್ಡುಗಳ ಮೇಲೆ ಮೂರು ಹೆಸರಿದ್ದವು. ನನ್ನದು, ಅವಳದು, ಅವಳ ಅಮ್ಮನದು. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ರೂಢಿ ಎನ್ನುತ್ತಿದ್ದೆ.

ಏಪ್ರಿಲ್ 11, ಶುಕ್ರವಾರ

ಅವಳು ತಿಂಡಿ ತಿನ್ನದೆ ಆಫೀಸಿಗೆ ಹೋದಳು. ನಾನೂ ತಿನ್ನಲಿಲ್ಲ.

ಹತ್ತು ಗಂಟೆಗೆ ಚಪ್ಪಲಿ ಹಾಕಿಕೊಂಡು ಮೂರು ಮಹಡಿ ಇಳಿದೆ. ರಸ್ತೆ ತಿರುವಿನಲ್ಲಿ ಬೀಗ ರಿಪೇರಿಯವನು ಕೂರುತ್ತಾನೆ. ಮೇಜಿನಷ್ಟು ದೊಡ್ಡ ಅಂಗಡಿ, ತಂತಿಗೆ ನೇತುಹಾಕಿದ ನೂರಾರು ಹಳೇ ಕೀಲಿ, ಕೀಲಿ ಕೊರೆಯುವ ಯಂತ್ರ. ಅಂಗಡಿಗೆ ಬೋರ್ಡಿಲ್ಲ. ಒಂದು ರಟ್ಟಿನ ಮೇಲೆ ಕೀಲಿಯ ಚಿತ್ರ ಗೀಚಿ ಕಟ್ಟಿದ್ದಾನೆ. ನೋಡಿದರೆ ಚಮಚ ಅನ್ನಿಸುತ್ತದೆ.

"ಕಂಪ್ಯೂಟರ್ ಮುಟ್ಟಿದ್ದೀಯೇನಯ್ಯಾ?"

"ಅದರ ಬೀಗ ರಿಪೇರಿ ಮಾಡಲ್ಲಮ್ಮ ನಾನು."

"ನಾಳೆ ಮಧ್ಯಾಹ್ನ ಮನೆಗೆ ಬಾ. ನಿನ್ನ ಅಂಗಡಿಗೆ ಬೋರ್ಡು ಮಾಡ್ಕೊಂಡು ಹೋಗು."

"ಯಾರು ಮಾಡಿಕೊಡ್ತಾರೆ?"

"ಯಾರೂ ಮಾಡಿಕೊಡಲ್ಲ. ಅದೇ ವಿಶೇಷ."

ಮೆಟ್ಟಿಲು ಹತ್ತುವಾಗ ಎರಡು ಕಡೆ ಕೂತೆ. ಮನೆಯಿಂದ ಹೊರಗೆ ಕಾಲಿಟ್ಟು ಎಷ್ಟು ದಿನವಾಗಿತ್ತೆಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ.

ಏಪ್ರಿಲ್ 12, ಶನಿವಾರ

ಎಲ್ಲರೆದುರು ನಾನೇ ಒಪ್ಪಿಕೊಂಡೆ. "ನಾನು ಕದ್ದು ಕಲಿತಿದ್ದೆ. ಅವತ್ತು ಒದ್ದಾಡಿದ್ದು ನಾಟಕ" ಅಂದೆ. ಗಡಿಬಿಡಿಯ ಮುಖ ಕಪ್ಪಿಟ್ಟಿತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹಾಗಿದ್ರೆ ನನಗೆ ಬರಲ್ಲ" ಅಂದಳು.

"ಇವತ್ತು ಗೊತ್ತಾಗುತ್ತೆ ಕೂತ್ಕೋ" ಅಂದಳು ಮೊಮ್ಮಗಳು.

ಬೀಗದವನು ಬಂದ. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದ. ಮೌಸನ್ನು ಅರದ ಹಾಗೆ ಬಿಗಿಯಾಗಿ ಹಿಡಿದು ಮೇಜನ್ನೇ ಉಜ್ಜತೊಡಗಿದ. ಗಡಿಬಿಡಿ ಅವನ ಎಡಗಡೆ, ನಾನು ಅವಳ ಹಿಂದೆ ಸ್ಟೂಲಿನ ಮೇಲೆ.

ಮೊದಲ ಹತ್ತು ನಿಮಿಷ ಅವನಿಗೆ ಮೌಸಿನ ಜೊತೆ ಪರದೆ ಮೇಲೆ ಓಡಾಡುವ ಬಾಣ ಎಲ್ಲಿದೆ ಎಂಬುದೇ ಕಾಣಲಿಲ್ಲ. "ಅದು ಓಡಿಹೋಯ್ತು" ಅಂದ. "ಓಡಿಹೋದಾಗ ಏನು ಮಾಡ್ಬೇಕು ಅನ್ಸುತ್ತೆ ಅಣ್ಣ?" ಅಂತ ಗಡಿಬಿಡಿ ಕೇಳಿದಳು. "ಚಾ ಕುಡಿಬೇಕು ಅನ್ಸುತ್ತೆ" ಅಂದ ಅವನು.

ಅಕ್ಷರಗಳು ಇರುವೆಯಷ್ಟು ಬಂದವು. ದೊಡ್ಡದು ಮಾಡಲು ಅವನು ಪರದೆಯ ಹತ್ತಿರ ಮುಖ ಒಯ್ದ, ಕನ್ನಡಕ ಹಾಕಿದ, ತೆಗೆದ. ಬಲಗಡೆ ಮೇಲಿನ ಮೂಲೆ. ಬಲಗಡೆ ಮೇಲಿನ ಮೂಲೆ. ಅದು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹಲ್ಲು ಕಚ್ಚಿ ಹಿಡಿದೆ. ಗಡಿಬಿಡಿಯ ಬಲಗೈ ಮೇಲೆದ್ದಿತು. ಅವಳೇ ಅದನ್ನು ಎಡಗೈಯಿಂದ ಹಿಡಿದು ತೊಡೆಯ ಕೆಳಗೆ ತುರುಕಿದಳು. ಆಮೇಲೆ ಇನ್ನೊಂದನ್ನೂ. ನಾನೂ ಹಾಗೇ ಮಾಡಿದೆ. ಇಬ್ಬರು ಹೆಂಗಸರು ನಮ್ಮ ಕೈಗಳ ಮೇಲೆ ನಾವೇ ಕೂತೆವು, ಮೊಟ್ಟೆಗೆ ಕೂತ ಕೋಳಿಗಳ ಹಾಗೆ.

ನಲವತ್ತು ನಿಮಿಷ.

ಆ ನಲವತ್ತು ನಿಮಿಷ ನನಗೆ ಬೆವರು ಇಳಿಯಿತು. ನೋಡುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಮಾಡುವುದೇ ಸುಲಭ. ಮಾಡುತ್ತಿದ್ದರೆ ನೋಡಬೇಕಾಗಿಲ್ಲ.

ಕೊನೆಗೆ ಅವನು ಅಕ್ಷರ ದೊಡ್ಡದು ಮಾಡಲೇ ಇಲ್ಲ. ಅದರ ಬದಲು ಒಂದೇ ಒಂದು ಕೀಲಿಯ ಚಿತ್ರ ಪರದೆ ತುಂಬ ಹಿಗ್ಗಿಸಿದ. "ಸಾಕು. ನನ್ನ ಹತ್ರ ಬರೋರು ಗಾಬರೀಲಿ ಇರ್ತಾರೆ, ಬಾಗಿಲು ಹಾಕ್ಕೊಂಡು ಹೊರಗೆ ಉಳಿದಿರ್ತಾರೆ. ಅವರಿಗೆ ಓದೋಕೆಲ್ಲಿ ಪುರಸೊತ್ತು? ದೂರದಿಂದ ಕೀಲಿ ಕಂಡ್ರೆ ಸಾಕು."

ಗಡಿಬಿಡಿ ಪೆನ್ನು ಬಿಟ್ಟು ಅವನನ್ನೇ ನೋಡಿದಳು.

"ಅಕ್ಕ, ನಾನು ಅಕ್ಷರ ದೊಡ್ಡದು ಮಾಡಿಕೊಟ್ಟಿದ್ರೆ ಇದು ಬರ್ತಾನೇ ಇರ್ಲಿಲ್ಲ."

"ಬರ್ಕೋ" ಅಂದಳು ಮೊಮ್ಮಗಳು.

ಬೀಗದವನು ಪ್ರಿಂಟು ಹಿಡಿದು ಮದುಮಗನ ಹಾಗೆ ಮೆಟ್ಟಿಲು ಇಳಿದ.

ಏಪ್ರಿಲ್ 15, ಮಂಗಳವಾರ

ಇವತ್ತು ಗಡಿಬಿಡಿಯ ಇಂಟರ್ವ್ಯೂ. ಹೋಗುವ ಮೊದಲು ಫೋನ್ ಮಾಡಿದ್ದಳು. "ಅಜ್ಜಿ, ಏನಾದ್ರೂ ಹೇಳಿ" ಅಂದಳು. ಹೇಳುವುದಕ್ಕೆ ಹತ್ತು ಮಾತಿದ್ದವು. "ನೀರು ಕುಡಿದು ಹೋಗು" ಅಂದು ಇಟ್ಟೆ.

ಸಂಜೆಯವರೆಗೂ ಸುದ್ದಿಯಿಲ್ಲ. ಮೂರು ದಿನ ಬಿಟ್ಟು ತಿಳಿಸುತ್ತಾರಂತೆ.

ಏಪ್ರಿಲ್ 17, ಗುರುವಾರ

ಮೊಮ್ಮಗಳು ನೋಟ್‌ಬುಕ್ ತಿರುವಿ ಹಾಕಿ, "ಅಜ್ಜಿ, ಮಾತ್ರೆದು ಬರೀತಾನೇ ಇಲ್ವಲ್ಲ ನೀನು" ಅಂದಳು. ಹೌದು. ಮಾತ್ರೆ ನುಂಗುತ್ತಿದ್ದೇನೆ, ಮರೆತಿಲ್ಲ. ಬರೆಯುವುದು ಮರೆತುಹೋಗಿದೆ. ಉಳಿದದ್ದನ್ನು ಓದಿದಳೋ ಏನೋ, ಕೇಳಲಿಲ್ಲ.

ಏಪ್ರಿಲ್ 18, ಶುಕ್ರವಾರ

ಗಡಿಬಿಡಿಗೆ ಕೆಲಸ ಸಿಕ್ಕಿತು.

ಸಂಜೆ ಐದಕ್ಕೆ ಬಂದಳು. ಒಂದೇ ಉಸಿರಿಗೆ ಮೂರು ಮಹಡಿ ಹತ್ತಿ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದಳು. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೂ ಅವಳೇ ಹೇಳಲೆಂದು ನಾನೂ ಮೊಮ್ಮಗಳೂ ಕಾದೆವು. "ಸಿಕ್ತು" ಅಂದಳು. ಅಪ್ಪನಿಗೆ ಇನ್ನೂ ಹೇಳಿಲ್ಲವಂತೆ, ಈಗ ಅಂಗಡಿಗೇ ಹೋಗಿ ಹೇಳುತ್ತಾಳಂತೆ.

ಅಲ್ಲಿ ಒಬ್ಬರು ಮುದುಕರನ್ನು ಕೂರಿಸಿದ್ದರಂತೆ. ಬಸ್ಸು ಓಡಿಸಿ ರಿಟೈರ್ ಆದವರು. ಹೆಂಡತಿಗೆ ಒಂದು ಕಾರ್ಡು ಮಾಡಬೇಕಿತ್ತು. ಅರ್ಧ ಗಂಟೆ ಒದ್ದಾಡಿದರಂತೆ. ಇವಳು ಮುಟ್ಟಲಿಲ್ಲ.

"ಆಮೇಲೆ ಕಂಪನಿಯವರು ಕೇಳಿದ್ರು ಅಜ್ಜಿ, 'ವಯಸ್ಸಾದವರು ಅಷ್ಟು ಹೊತ್ತು ಒದ್ದಾಡಿದ್ರಲ್ಲ, ಸಹಾಯ ಮಾಡ್ಬೇಕು ಅನ್ನಿಸ್ಲಿಲ್ವಾ' ಅಂತ. ಪ್ರತಿ ನಿಮಿಷ ಅನ್ನಿಸ್ತು ಅಂದೆ. ಆದ್ರೆ ಸಂಕಟ ಆಗ್ತಿದ್ದಿದ್ದು ನನಗೆ, ಅವರಿಗಲ್ಲ. ಅವರು ಹುಡುಕ್ತಿದ್ರು. ನನ್ನ ಸಂಕಟ ಕಳ್ಕೊಳ್ಳೋಕೆ ಅವರ ಕೈಯಿಂದ ಕಿತ್ಕೊಳ್ಳೋದು ಸರಿಯಲ್ಲ ಅಂದೆ."

ನನ್ನ ಕಾಲಿಗೆ ಬಿದ್ದು, ಮೊಮ್ಮಗಳನ್ನು ತಬ್ಬಿ, ಕುಡಿದ ಕಪ್ಪು ತೊಳೆಯದೆ ಓಡಿದಳು.

ಮೊಮ್ಮಗಳು ಆ ಕಪ್ಪನ್ನು ತೊಳೆಯುತ್ತ ನಿಂತಳು. ಬಹಳ ಹೊತ್ತು ತೊಳೆದಳು.

"ಅವಳು ಹೇಳಿದ್ದು ಪೂರ್ತಿ ಸರಿ ಇಲ್ಲ ಅಜ್ಜಿ."

"ಕೆಲಸ ಸಿಕ್ಕ ಮೇಲೆ ತಪ್ಪು ಹುಡುಕ್ತೀಯಾ?"

"ಅದಲ್ಲ. ಅವತ್ತು ನಿನಗೆ ಅಂದೆನಲ್ಲ, ಅಮ್ಮನ ಕೈಗೆ ಚಮಚ ಕೊಡ್ಲಿಲ್ಲ ಅಂತ."

ನನ್ನ ಬಾಯಿಗೆ ಏನೋ ಬಂತು. ನುಂಗಿಕೊಂಡೆ.

"ಅಮ್ಮನ್ನ ಒಂದಿನ ಕೇಳಿದ್ದೆ. ನೀನು ಔಷಧಿ ತರೋಕೆ ಹೋಗಿದ್ದೆ. 'ನಿನ್ನ ಕೈ ಚೆನ್ನಾಗೇ ಆಡುತ್ತಲ್ಲಮ್ಮ, ಅಜ್ಜಿ ಕೈಲಿ ಯಾಕೆ ತಿನ್ನಿಸ್ಕೊಳ್ತೀಯ, ಬೇಡ ಅನ್ನಬಾರದಾ' ಅಂತ."

ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ನಿಲ್ಲಿಸು ಅನ್ನಲಿಲ್ಲ ನಾನು.

"'ನಿಮ್ಮಜ್ಜಿ ಇನ್ನೇನು ತಾನೇ ಮಾಡ್ತಾಳೆ, ತಿನ್ನಿಸ್ಲಿ ಬಿಡು' ಅಂದ್ಲು. 'ಎಷ್ಟೋ ಸಲ ಹಸಿವಿರಲ್ಲ. ಆದ್ರೂ ಬಾಯಿ ತೆಗೀತೀನಿ. ಅವಳಿಗೆ ಹೇಳ್ಬೇಡ' ಅಂದ್ಲು."

ನಾನು ಕಟ್ಟೆ ಹಿಡಿದುಕೊಂಡು ನಿಂತೇ ಇದ್ದೆ. ಅವಳು ತಟ್ಟೆಗೆ ಬಡಿಸಿಕೊಂಡು ಬಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ತಟ್ಟೆಗೆ ಕೈ ಚಾಚಿದೆ. ಕೈ ಮುಂದೆ ಹೋಗಲಿಲ್ಲ. ಅವಳು ಒಂದು ತುತ್ತು ಮಾಡಿ ನನ್ನ ಬಾಯಿಯ ಹತ್ತಿರ ಹಿಡಿದಳು.

ಹಸಿವಿರಲಿಲ್ಲ. ಬಾಯಿ ತೆಗೆದೆ.